ಪ್ರಸ್ಥವೂ ಸೇರೂ: ಪಾಕದ್ರವ್ಯಗಳ ಅಳತೆ-ತೂಕಗಳ ವಿಚಾರ

ಸಂಸ್ಕೃತ ಗ್ರಂಥಗಳನ್ನು ಕನ್ನಡಿಸುವಾಗ ‘ಪ್ರಸ್ಥ’ವೆಂಬ ಪದಕ್ಕೆ ‘ಸೇರು’ ಎಂದು ಅರ್ಥ ಬರೆಯುವುದುಂಟು. ಪಾಠ ಹೇಳುವಾಗ ನಾನೂ ಬಹುಕಾಲ ಹೀಗೆಯೇ ಹೇಳಿದೆನು. ಅದು ಸಾಧುವಲ್ಲವೆಂಬುದನ್ನು ಒಂದು ಊಟದ ಲೆಕ್ಕದಿಂದ ತೋರಿಸುವುದೇ ಈ ಲೇಖನದ ಉದ್ದೇಶವು.

1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಬೆಳಕಿಗೆ ಬಂದು, 1909ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟಿತವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಪ್ರಕರಣವೊಂದಿದೆ. ಅಲ್ಲಿ ಒಬ್ಬ ಆರ್ಯಪುರುಷನ ಊಟಕ್ಕೆ ನುಚ್ಚಿಲ್ಲದ ಅಕ್ಕಿ ಒಂದು ಪ್ರಸ್ಥ, ಸೂಪವು ಅದರ ಕಾಲುಭಾಗ, ತುಪ್ಪ ಅಥವಾ ಎಣ್ಣೆ ಸೂಪದ ಕಾಲುಭಾಗ ಎಂದು ವಿಧಿಸಿದೆ. ಸ್ತ್ರೀಯರಿಗೆ ಇದರ ಮುಕ್ಕಾಲು, ಬಾಲರಿಗೆ ಅರ್ಧ.

ಈ ಪ್ರಸ್ಥದ ತೂಕವೆಷ್ಟು? ಅದೇ ಗ್ರಂಥದ ತುಲಾಮಾನ ಪ್ರಕರಣವು ಪಾತ್ರೆಯ ಪ್ರಮಾಣವನ್ನು ಉದ್ದಿನ ತೂಕದಿಂದಲೇ ಗೊತ್ತುಮಾಡುತ್ತದೆ. 200 ಪಲ ಉದ್ದು ಹಿಡಿಯುವುದು ರಾಜಾದಾಯದ ದ್ರೋಣ. ವ್ಯವಹಾರದ್ದು 187½, ವಿತರಣೆಯದು 175, ಅಂತಃಪುರದ ವಿತರಣೆಯದು 162½ ಪಲ. ದ್ರೋಣಕ್ಕೆ 4 ಆಢಕ, ಆಢಕಕ್ಕೆ 4 ಪ್ರಸ್ಥ, ಪ್ರಸ್ಥಕ್ಕೆ 4 ಕುಡುಬ. ಆದುದರಿಂದ ಮೊದಲನೆಯ ಪ್ರಸ್ಥವು 12½ ಪಲ, ಕಡೆಯದು 10 ಪಲಕ್ಕಿಂತ ತುಸು ಹೆಚ್ಚು. ಹೆಸರೊಂದೇ, ಪ್ರಮಾಣ ನಾಲ್ಕು. ಕೊಡುವ ಅಳತೆಯು ಕೊಳ್ಳುವ ಅಳತೆಗಿಂತ ಕಿರಿದೆಂಬುದನ್ನು ಚರಿತ್ರಕಾರರು ಗಮನಿಸಬೇಕು.

ಪಲಕ್ಕೆ 320 ಗುಂಜಿ. ಗುಂಜಿಯನ್ನು ಸುಮಾರು 0.12 ಗ್ರಾಂ ಎಂದೆಣಿಸಿದರೆ ದೊಡ್ಡ ಪ್ರಸ್ಥವು ಸುಮಾರು 480 ಗ್ರಾಂ, ಚಿಕ್ಕದು ಸುಮಾರು 390 ಗ್ರಾಂ ಆಗುತ್ತದೆ. ಅಕ್ಕಿಯೂ ಉದ್ದೂ ಒಂದೇ ಪಾತ್ರೆಯಲ್ಲಿ ಹೆಚ್ಚು ಕಡಮೆ ಸಮನಾಗಿ ತೂಗುವುದರಿಂದ ಈ ಲೆಕ್ಕ ಅನ್ನಕ್ಕೂ ಸಲ್ಲುವುದು. ಇನ್ನು ಸೇರಿನ ಮಾತು: 80 ತೊಲದ ಪಕ್ಕಾ ಸೇರು ಸುಮಾರು 933 ಗ್ರಾಂ, ಮೈಸೂರು ಸೀಮೆಯ 24 ತೊಲದ ಕಚ್ಚಾ ಸೇರು ಸುಮಾರು 280 ಗ್ರಾಂ. ಮೊದಲನೆಯದನ್ನು ಹಿಡಿದರೆ ಉಣ್ಣುವವನಿಗೆ ಇಮ್ಮಡಿ ಅನ್ನ, ಎರಡನೆಯದನ್ನು ಹಿಡಿದರೆ ಅರೆಹೊಟ್ಟೆ! ಸೇರೆಂಬುದು ನಮ್ಮಲ್ಲಿ ತೂಕಕ್ಕೂ ಪಾತ್ರೆಗೂ ಹೆಸರಾಗಿದ್ದುದು ಭ್ರಾಂತಿಯನ್ನು ಇನ್ನಷ್ಟು ಬೆಳೆಸಿತು.

ದ್ರವದ್ರವ್ಯಗಳಲ್ಲಿ ಮತ್ತೊಂದು ತೊಡಕುಂಟು. ಕುಡವದವರೆಗೆ ಎಲ್ಲಕ್ಕೂ ಸಮಪ್ರಮಾಣ, ಪ್ರಸ್ಥದಿಂದ ಮೇಲೆ ದ್ರವಕ್ಕೂ ಹಸಿಯ ದ್ರವ್ಯಕ್ಕೂ ದ್ವಿಗುಣ ಎಂಬುದು ಶಾರ್ಙ್ಗಧರನ ನಿಯಮ. ಇದು ಪದಾರ್ಥದ ಸ್ವಭಾವವನ್ನು ಹೇಳುವುದೆಂದು ಕೆಲವರು ಭಾವಿಸುವುದುಂಟು. ಹಾಗಲ್ಲ. ಮಟ್ಟಸವಾಗಿ ಉದ್ದು ತುಂಬಿದ ಪಾತ್ರೆಯಲ್ಲೇ ನೀರು ತುಂಬಿ ತೂಗಿದರೆ ಕಾಲುಭಾಗದಷ್ಟು ಹೆಚ್ಚಾದೀತೇ ಹೊರತು ಎರಡರಷ್ಟಾಗದು. ತುಪ್ಪವಂತೂ ನೀರಿಗಿಂತಲೂ ಹಗುರ. ಮೇಲಿನ ಊಟದಲ್ಲಿ ಒಬ್ಬನ ತುಪ್ಪ ಪ್ರಸ್ಥದ ಹದಿನಾರನೆಯ ಒಂದು ಭಾಗ, ಎಂದರೆ ಕುಡವದ ಕಾಲುಭಾಗ, ಅದು ದ್ವಿಗುಣವಾಗದು. ಹದಿನಾರು ಜನರ ತುಪ್ಪವನ್ನು ಕೂಡಿಸಿ ಪ್ರಸ್ಥವೆಂದೊಡನೆ ದ್ವಿಗುಣವಾಗುವುದೇ? ಆಗುವುದಾದರೆ ಪಂಕ್ತಿಯಲ್ಲಿ ಕುಳಿತವನಿಗೆ ಒಂಟಿಯಾಗಿ ಉಂಡವನ ಎರಡರಷ್ಟು ತುಪ್ಪ ದೊರೆತಂತಾಯಿತು. ಆದುದರಿಂದ ಅದು ಔಷಧಪಾಕದ ಸಂಕೇತವೇ ಹೊರತು ಅಡುಗೆಮನೆಯ ನಿಯಮವಲ್ಲ.

ಶಿಖೆಯ ವಿಚಾರವೂ ಉಂಟು. ಧಾನ್ಯವನ್ನು ಗೋಪುರವಾಗಿ ಅಳೆಯಬಹುದು, ತುಪ್ಪವನ್ನು ಅಳೆಯಲಾಗದು. ನಾಲ್ಕನೆಯ ಒಂದು ಭಾಗವು ಶಿಖೆಯಾಗುವಂತೆ, ಇಲ್ಲವೆ ಶಿಖೆಯು ಒಳಗೇ ಅಡಗುವಂತೆ ಮಾನವನ್ನು ಮಾಡಿಸಬೇಕೆಂದು ಕೌಟಿಲ್ಯನೇ ವಿಧಿಸಿದ್ದಾನೆ.

ಹೀಗಿರಲು, ಯಾವ ಶಾಸ್ತ್ರ, ಯಾವ ದ್ರವ್ಯ, ಯಾವ ಪಾತ್ರೆ, ಶಿಖೆಯುಂಟೇ ಇಲ್ಲವೇ ಎಂಬ ನಾಲ್ಕನ್ನು ವಿಚಾರಿಸದೆ ಅಳತೆಯನ್ನು ತೂಕಕ್ಕೆ ತಿರುಗಿಸಲಾಗದು. ನಮ್ಮ ಶಾಸನಗಳಲ್ಲಿ ಬರುವ ಕೊಳಗ, ಬಳ್ಳ, ಮಾನಗಳಿಗೂ ಈ ವಿವೇಕ ಅವಶ್ಯ. ಸಂಪಾದಕರು ಮೂಲದ ಪದವನ್ನೇ ಉಳಿಸಿ, ಲೆಕ್ಕವನ್ನು ಟಿಪ್ಪಣಿಯಲ್ಲಿ ಕೊಡುವುದು ಲೇಸು. ನನ್ನಿಂದ ‘ಸೇರು’ ಎಂದು ಕಲಿತ ಶಿಷ್ಯರು ತಿದ್ದಿಕೊಳ್ಳಬೇಕೆಂದು ಬೇಡುತ್ತೇನೆ.