ಮಾಯಕೊಂಡದ ಯುದ್ಧ: ಹಾಗಾಗದೇ ಇದ್ದಿದ್ದರೆ?

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕಂಪ್ಯೂಟರ್ ವಿಷಯ ಬರೆಯುತ್ತೇನೆಂದು ಅವರು ಅಂದುಕೊಂಡಿದ್ದರೋ ಏನೋ. ನಾನು ಬಿ.ಇ. ಓದಿದವನು, ಇತಿಹಾಸದ ವಿದ್ಯಾರ್ಥಿಯಲ್ಲ. ಆದರೂ ನಮ್ಮೂರ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಸಿಕ್ಕುವ ಆ ಒಂದು ದಿನದ ಬಗ್ಗೆ ಬರೆಯಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು.

ಆ ದಿನ 1748ರ ಮಾರ್ಚ್ 24. ಒಂದು ಕಡೆ ಚಿತ್ರದುರ್ಗದ ಪಾಳೆಯಗಾರ ಮದಕರಿ ನಾಯಕ. ಇನ್ನೊಂದು ಕಡೆ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಒಕ್ಕೂಟ. ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಮದಕರಿ, ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ಮದಕರಿ ಅಲ್ಲ. ಆತ 1779ರಲ್ಲಿ ಹೈದರಾಲಿಗೆ ಸೆರೆಸಿಕ್ಕವನು. ನಮ್ಮೂರಲ್ಲಿ ಬಿದ್ದವನು ಅವನಿಗಿಂತ ಮುಂಚಿನ ಹಿರೇ ಮದಕರಿ. ಇಬ್ಬರನ್ನೂ ಒಬ್ಬನೇ ಎಂದು ತಿಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ.

ಹಿರೇ ಮದಕರಿ 1721ರಿಂದ ಆಳುತ್ತಾ ದುರ್ಗದ ಎಲ್ಲೆಯನ್ನು ಸುತ್ತಲೂ ಚಾಚಿದವನು. ಪಕ್ಕದವನ ಸೀಮೆ ದೊಡ್ಡದಾದರೆ ಉಳಿದವರಿಗೆ ನಿದ್ದೆ ಬರುವುದಿಲ್ಲ. ನಾಲ್ವರೂ ಒಂದಾದರು. ಕಾಳಗದಲ್ಲಿ ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಲ್ಲಿ ಮದಕರಿ ಹತನಾದ. ತಮಾಷೆಯೆಂದರೆ, 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಸೋತವನ ಮಾಯಕೊಂಡ, ಗೆದ್ದವನ ಹರಪನಹಳ್ಳಿ ಎರಡೂ ಒಂದೇ ಜಿಲ್ಲಾಧಿಕಾರಿಯ ಕೈಕೆಳಗೆ ಬಂದವು. ಸುಮಾರು ಇಪ್ಪತ್ತು ವರ್ಷ ಹಾಗೇ ಇದ್ದವು.

ಐದು ಸೈನ್ಯಗಳು ಮಾರ್ಚ್ ಕೊನೆಯಲ್ಲಿ ಇಲ್ಲಿ ಬೀಡುಬಿಟ್ಟವು ಎಂದರೆ ಏನರ್ಥ ಎಂಬುದನ್ನು ರೈತರ ಮಕ್ಕಳಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಂಗಾರಿನ ಜೋಳ ಮನೆ ಸೇರುವ ಕಾಲ. ಆನೆ, ಕುದುರೆ, ಎತ್ತುಗಳು ಯಾರ ಬಣವೆ ಮೇಯ್ದವು, ಸಿಪಾಯಿಗಳು ಯಾರ ಹಗೇವಿನ ಕಾಳು ತಿಂದರು? ಭದ್ರಾ ನಾಲೆ ಇಲ್ಲದ ಕಾಲದಲ್ಲಿ ಹಾಗೆ ಹೋದ ಕಾಳು ಮತ್ತೆ ಬರಬೇಕೆಂದರೆ ಮುಂದಿನ ಮಳೆಯನ್ನೇ ಕಾಯಬೇಕು. ರಾಜರ ಹೆಸರು ಬರೆದಿಟ್ಟವರು ಇದನ್ನು ಬರೆದಿಡಲಿಲ್ಲ.

ನನ್ನ ಕುತೂಹಲ ಮದಕರಿಗಿಂತ ಹೆಚ್ಚಾಗಿ ಅವನ ಪಕ್ಷದಲ್ಲಿದ್ದ ಇನ್ನೊಬ್ಬನ ಮೇಲೆ. ಅವನು ಚಂದಾಸಾಹೇಬ, ಅರ್ಕಾಟಿನ ನವಾಬ ದೋಸ್ತ್ ಅಲಿಯ ಅಳಿಯ. 1741ರಲ್ಲಿ ತಿರುಚಿರಾಪಳ್ಳಿಯಲ್ಲಿ ಮರಾಠರಿಗೆ ಸೆರೆಸಿಕ್ಕು, ಏಳು ವರ್ಷ ಬಂಧನದಲ್ಲಿದ್ದು, ಆಗತಾನೇ ಬಿಡುಗಡೆಯಾಗಿ ತೆಂಕಣಕ್ಕೆ ಹೊರಟಿದ್ದ. ದಾರಿಯಲ್ಲಿ ದುರ್ಗದವರ ಜೊತೆಗೂಡಿ ಮಾಯಕೊಂಡದಲ್ಲಿ ಕಾದಿದ. ಮಗ ಇಲ್ಲೇ ಸತ್ತ, ತಾನು ಬಿದನೂರಿನವರಿಗೆ ಸೆರೆಸಿಕ್ಕ. ಆದರೆ ತನ್ನನ್ನು ಕಾಯುತ್ತಿದ್ದ ಬಿದನೂರಿನ ಮುಸಲ್ಮಾನ ಸರದಾರರನ್ನೇ ಒಲಿಸಿಕೊಂಡು ಪಾರಾದ ಎಂದು ಇತಿಹಾಸಕಾರರು ಬರೆಯುತ್ತಾರೆ.

ನಾನು ದಿನಾ ಬರೆಯುವ ಪ್ರೋಗ್ರಾಂಗಳಲ್ಲಿ ‘ಇಫ್’ ಎಂಬ ಒಂದು ಸಾಲು ಬರುತ್ತದೆ. ಹೀಗಿದ್ದರೆ ಈ ದಾರಿ, ಇಲ್ಲದಿದ್ದರೆ ಆ ದಾರಿ. ಮದಕರಿ ಗೆದ್ದಿದ್ದರೆ ಏನಾಗುತ್ತಿತ್ತು ಎಂದು ನಮ್ಮವರು ಕೇಳುತ್ತಾರೆ. ನನಗನ್ನಿಸುವಂತೆ ಅದರಿಂದ ದೊಡ್ಡ ವ್ಯತ್ಯಾಸವೇನೂ ಆಗುತ್ತಿರಲಿಲ್ಲ. ದುರ್ಗಕ್ಕೆ ನಾಲ್ಕು ಹೋಬಳಿ ಹೆಚ್ಚು ಸಿಗುತ್ತಿತ್ತು, ಹತ್ತು ವರ್ಷಕ್ಕೆ ಮತ್ತೊಂದು ಜಗಳ. ಮುಂದೆ ಕಸ್ತೂರಿ ರಂಗಪ್ಪ ನಾಯಕ ಮಾಯಕೊಂಡವನ್ನು ಮರಳಿ ಪಡೆದೂ ಪಡೆದ. ನಿಜವಾದ ‘ಇಫ್’ ಇರುವುದು ಆ ಕಾವಲಿನವರಲ್ಲಿ. ಅವರು ಮನಸ್ಸು ಬದಲಿಸದೆ ಚಂದಾಸಾಹೇಬನನ್ನು ಬಿದನೂರಿನ ಸೆರೆಮನೆಗೆ ಒಯ್ದಿದ್ದರೆ?

ಆಗ ಹೊರಗಿನ ಲೋಕದಲ್ಲಿ ಏನು ನಡೆದಿತ್ತು ನೋಡಿ. ಇಂಗ್ಲಿಷರು, ಫ್ರೆಂಚರು ಉತ್ತರ ಅಮೆರಿಕದಲ್ಲೂ ಹೊಡೆದಾಡುತ್ತಿದ್ದರು. 1745ರಲ್ಲಿ ಇಂಗ್ಲಿಷರ ಕಡೆಯವರು ಈಗಿನ ಕೆನಡಾದಲ್ಲಿರುವ ಲೂಯಿಸ್‌ಬರ್ಗ್ ಕೋಟೆ ಹಿಡಿದರೆ, 1746ರಲ್ಲಿ ಫ್ರೆಂಚರು ಮದರಾಸು ಹಿಡಿದರು. 1748ರ ಅಕ್ಟೋಬರಿನ ಒಪ್ಪಂದದಲ್ಲಿ ಲೂಯಿಸ್‌ಬರ್ಗ್ ಫ್ರೆಂಚರಿಗೆ, ಮದರಾಸು ಇಂಗ್ಲಿಷರಿಗೆ ವಾಪಸು. ಸಂತೆಯಲ್ಲಿ ಎತ್ತು ಬದಲಾಯಿಸಿದ ಹಾಗೆ. ಇನ್ನು ಮುಂದೆ ನೇರವಾಗಿ ಕಾದುವಂತಿಲ್ಲವಾದ್ದರಿಂದ ಪಾಂಡಿಚೇರಿಯ ಡೂಪ್ಲೆಗೆ ಮುಂದೆ ನಿಲ್ಲಿಸಲು ಒಬ್ಬ ನವಾಬ ಬೇಕಿತ್ತು. ಮಾಯಕೊಂಡದಿಂದ ಬದುಕಿ ಹೋದವನು ಆ ಜಾಗಕ್ಕೆ ಸರಿಯಾಗಿ ಹೊಂದಿದ.

ಮುಂದಿನದು ಬೇಗ ಬೇಗ ನಡೆಯಿತು. 1749ರ ಆಗಸ್ಟ್ 3ರಂದು ಅಂಬೂರಿನಲ್ಲಿ ನವಾಬ ಅನ್ವರುದ್ದೀನ್ ಸತ್ತ. ಅವನ ಮಗ ಮಹಮದಾಲಿ ತಿರುಚಿರಾಪಳ್ಳಿ ಸೇರಿಕೊಂಡ. ಚಂದಾಸಾಹೇಬ ಅದನ್ನು ಮುತ್ತಿದಾಗ, ಅವನ ಗಮನ ಬೇರೆಡೆ ಸೆಳೆಯಲು 1751ರಲ್ಲಿ ಕ್ಲೈವ್ ಅರ್ಕಾಟನ್ನು ಹಿಡಿದು ಹೆಸರು ಮಾಡಿದ. ಮರುವರ್ಷ ಚಂದಾಸಾಹೇಬನ ತಲೆ ಉರುಳಿತು. ತಿರುಚಿರಾಪಳ್ಳಿ ಕೊಡುತ್ತೇನೆಂಬ ಮಹಮದಾಲಿಯ ಮಾತು ನಂಬಿ ಹೋದ ಮೈಸೂರಿನ ನಂಜರಾಜ ಬೊಕ್ಕಸ ಬರಿದು ಮಾಡಿಕೊಂಡು ಬರಿಗೈಯಲ್ಲಿ ಮರಳಿದ. ಈ ಗೊಂದಲದಲ್ಲಿ ಹಣ, ಬಂದೂಕು, ಅನುಭವ ಎಲ್ಲ ಗಳಿಸಿ ಮೇಲೆ ಬಂದವನು ಹೈದರಾಲಿ. ಅವನು 1763ರಲ್ಲಿ ಬಿದನೂರನ್ನು ನುಂಗಿದ, 1779ರಲ್ಲಿ ಚಿತ್ರದುರ್ಗವನ್ನು. ಮಾಯಕೊಂಡದಲ್ಲಿ ಗೆದ್ದವರ ಮುಂದಾಳಿಗೆ ಆ ಗೆಲುವು ದಕ್ಕಿದ್ದು ಹದಿನೈದೇ ವರ್ಷ.

ಚಂದಾಸಾಹೇಬ ಸೆರೆಯಲ್ಲೇ ಉಳಿದಿದ್ದರೆ ಡೂಪ್ಲೆ ಬೇರೊಬ್ಬನನ್ನು ಹುಡುಕುತ್ತಿದ್ದ, ನಿಜ. ಆದರೆ ಅರ್ಕಾಟಿನ ಮನೆತನದ ಸಂಬಂಧ, ತಿರುಚಿರಾಪಳ್ಳಿಯ ಪರಿಚಯ, ಫ್ರೆಂಚರ ಸ್ನೇಹ ಮೂರೂ ಇದ್ದ ಇನ್ನೊಬ್ಬ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ನಂಜರಾಜನಿಗೆ ತಿರುಚಿರಾಪಳ್ಳಿಯ ಹುಚ್ಚು ಹಿಡಿಯದಿದ್ದರೆ ಹೈದರ್ ಮೈಸೂರಿನ ಹಲವು ಸರದಾರರಲ್ಲಿ ಒಬ್ಬನಾಗಿಯೇ ಉಳಿಯುತ್ತಿದ್ದನೇನೋ. ಇಂಗ್ಲಿಷರು ಬರುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. ಬಂಗಾಳದ ದಾರಿ ಅವರಿಗೆ ತೆರೆದೇ ಇತ್ತು. ಆದರೆ ದುರ್ಗ, ಬಿದನೂರು ಎರಡೂ ಇನ್ನೊಂದು ತಲೆಮಾರು ಉಳಿದಿರುತ್ತಿದ್ದವು ಎಂಬುದು ನನ್ನ ಲೆಕ್ಕ. ಒಪ್ಪದವರು ವಾದಕ್ಕೆ ಬರಬಹುದು, ಇತಿಹಾಸ ಕಲಿಸುವ ಮೇಷ್ಟ್ರುಗಳಿಗೆ ಮೊದಲ ಅವಕಾಶ.

ಪ್ಲಾಸಿ, ಪಾಣಿಪತ್‌ಗಳ ಇಸವಿ ಬಾಯಿಪಾಠ ಮಾಡುವ ನಮ್ಮೂರ ಮಕ್ಕಳಿಗೆ 1748 ಕೂಡ ಗೊತ್ತಿರಲಿ. ಊರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಕಡತ, ಇನಾಂ ಪತ್ರಗಳಿದ್ದರೆ, ಹಿರಿಯರ ಬಾಯಲ್ಲಿ ಹೊಲಗಳ ಹಳೆಯ ಹೆಸರುಗಳಿದ್ದರೆ, ದಯವಿಟ್ಟು ಒಂದು ಜೆರಾಕ್ಸ್ ಪ್ರತಿ ಅಥವಾ ಬರೆದ ಹಾಳೆಯನ್ನು ಶಾಲೆಯ ಗ್ರಂಥಾಲಯಕ್ಕೆ ತಲುಪಿಸಿ. ಅವನ್ನೆಲ್ಲ ಸ್ಕ್ಯಾನ್ ಮಾಡಿ ಒಂದೆಡೆ ಇಡುವ ಕೆಲಸ ನನಗಿರಲಿ.