ಮನೆಯ ಮಾತು, ಸಾಲಿಯ ಮಾತು

ನಮ್ಮಪ್ಪ ಕೊನೆಯವರೆಗೂ ಲೆಕ್ಕವನ್ನು ಉರ್ದುವಿನಲ್ಲೇ ಮಾಡುತ್ತಿದ್ದರು. ಸಂತೆಯಿಂದ ಬಂದು ಕಟ್ಟೆಯ ಮೇಲೆ ಕುಳಿತು ಖರ್ಚಿನ ರೊಕ್ಕ ಕೂಡಿಸುವಾಗ ಅವರ ತುಟಿಗಳು "ಸಾತ್, ಚೌದಾ, ಇಕ್ಕೀಸ್" ಎಂದು ಅಲುಗುತ್ತಿದ್ದವು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಮಕ್ಕಳಾದ ನಮಗೆ ಇದೊಂದು ನಗೆಯ ವಿಷಯ. ನಾನು ಶಿಕ್ಷಕಿಯಾಗಿ ಕೆಲವು ವರ್ಷ ಕಳೆದ ಮೇಲೆ ಆ ನಗು ತಾನಾಗಿಯೇ ನಿಂತಿತು.

ಆಗ ನಮ್ಮ ಕನಕಗಿರಿ ಸೀಮೆ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿತ್ತು. ಕೊಪ್ಪಳ, ಯಲಬುರ್ಗಾ ಭಾಗ ಸಾಲಾರ್ ಜಂಗ್ ಮನೆತನದ ಜಹಗೀರು. ಕಚೇರಿಯ ಭಾಷೆ ಉರ್ದು. ಕೆಳಗಿನ ತರಗತಿಗಳಲ್ಲಿ ಅಲ್ಲಲ್ಲಿ ಕನ್ನಡ ಕಲಿಸಿದರೂ ಮೇಲೆ ಹೋದಂತೆ ಎಲ್ಲ ಪಾಠವೂ ಉರ್ದುವಿನಲ್ಲೇ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಇಂಗ್ಲಿಷನ್ನು ಬದಿಗಿಟ್ಟು ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟಿತೆಂದು ಅದನ್ನು ಹೊಗಳುತ್ತಾರೆ. ಹೊಗಳಲಿ, ತಪ್ಪಿಲ್ಲ. ಆದರೆ ಆ ದೇಶಭಾಷೆ ನಮ್ಮ ಅಡಿಗೆಮನೆಯದಾಗಿರಲಿಲ್ಲ.

ಅಪ್ಪ ತಮ್ಮ ಮೊದಲ ದಿನದ ಕತೆಯನ್ನು ಒಮ್ಮೆ ಮಾತ್ರ ಹೇಳಿದ್ದರು. ಮಾಸ್ತರರು "ಬೈಠೋ" ಅಂದರೆ ಇವರು ನಿಂತೇ ಇದ್ದರು. ಹೊರಗೆ ಹೋಗಿಬರುತ್ತೇನೆಂದು ಕೇಳುವುದು ಹೇಗೆಂದು ತಿಳಿಯದೆ ಚಡ್ಡಿ ಒದ್ದೆಯಾಯಿತು. ನಮ್ಮ ಅಜ್ಜಿ ಬೇವಿನ ಗಿಡದ ಕೆಳಗೆ ನಿಂತು ಕಾಯುತ್ತಿದ್ದಳಂತೆ. ಒಳಗೆ ಹೋಗಿ ಏನು ಕೇಳುವುದು, ಯಾವ ಮಾತಿನಲ್ಲಿ ಕೇಳುವುದು?

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಡಳಿತ ಮುಗಿಯಿತು. ಅನಂತರ ಅಪ್ಪನ ಸಾಲಿಯೂ ಕನ್ನಡಕ್ಕೆ ತಿರುಗಿತು. ಮನೆಯ ಮಾತೇ ಸಾಲಿಗೆ ಬಂತಲ್ಲ, ಸಂತೋಷವಾಗಲಿಲ್ಲವೇ ಎಂದು ನಾನು ಕೇಳಿದ್ದುಂಟು. "ಮಾತು ನಮ್ದ ಬಂತವ್ವ, ಆದ್ರ ಒತ್ತಕ್ಷರ ಯಾರು ಕಲಿಸಿದ್ರು?" ಅಂದರು. ಅಲಿಫ್, ಬೇ ಬರೆದು ಪಳಗಿದ್ದ ಹನ್ನೆರಡರ ಹುಡುಗನನ್ನು ಸಣ್ಣ ಮಕ್ಕಳ ಸಾಲಿನಲ್ಲಿ ಕೂರಿಸಿದರು. ಎರಡು ವರ್ಷ ಹೇಗೋ ತಳ್ಳಿ ಅವರು ಸಾಲಿ ಬಿಟ್ಟರು. ಮುಂದೆ ಊರವರ ಹಳೆಯ ಉರ್ದು ಕಾಗದಪತ್ರ ಓದಿ ಹೇಳುವುದಕ್ಕೆ ಮಾತ್ರ ಅವರ ವಿದ್ಯೆ ಉಳಿಯಿತು.

ಇದೆಲ್ಲ ಮುಗಿದ ಕತೆ ಎಂದುಕೊಂಡಿದ್ದೆ. 1996ರಲ್ಲಿ ತಾಂಡಾದ ಸಮೀಪದ ಶಾಲೆಯೊಂದರಲ್ಲಿ ನಾನಿದ್ದೆ. ಇಬ್ಬರೇ ಶಿಕ್ಷಕರಾದ್ದರಿಂದ ಒಂದನೆಯ ತರಗತಿ ನನ್ನ ಪಾಲಿಗೆ ಬಂದಿತ್ತು. ಅಲ್ಲೊಬ್ಬ ಲಂಬಾಣಿ ಹುಡುಗಿ. ಜೂನ್ ಹೋಯಿತು, ಜುಲೈ ಹೋಯಿತು, ತುಟಿ ಬಿಚ್ಚಲಿಲ್ಲ. ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಅವಳ ಹೆಸರಿನ ಮುಂದೆ "ಮಂದ" ಎಂದು ಬರೆದುಕೊಂಡೆ. ಬರೆದವಳು ನಾನೇ, ಬೇರೆ ಯಾರೂ ಅಲ್ಲ.

ಒಂದು ದಿನ ಬಿಡುವಿನಲ್ಲಿ ಅದೇ ಹುಡುಗಿ ತನಗಿಂತ ಸಣ್ಣವರನ್ನು ಕೂರಿಸಿಕೊಂಡು ಹರಳಿನ ಆಟ ಆಡಿಸುತ್ತಿದ್ದಳು. ತಮ್ಮ ಮಾತಿನಲ್ಲಿ ಪಟಪಟನೆ ಎಣಿಸುತ್ತಿದ್ದಳು, ಒಂದೂ ತಪ್ಪಲಿಲ್ಲ. ನನಗೆ ಅಪ್ಪನ "ಸಾತ್, ಚೌದಾ" ನೆನಪಾಯಿತು.

ತಾಯಿಯನ್ನು ಕರೆಸಿದೆ. ಕನ್ನಡಿ ಚೂರು ಹೊಲಿದ ಲಂಗ ಉಟ್ಟ ಆಕೆ ಬಾಗಿಲಾಚೆಗೇ ನಿಂತಳು. ನಿಮ್ಮ ಮಗಳು ಮಾತೇ ಆಡುವುದಿಲ್ಲ ಎಂದರೆ ಆಕೆಗೆ ಆಶ್ಚರ್ಯ. "ಮನ್ಯಾಗ ಬಾಯಿ ಮುಚ್ಚಂಗಿಲ್ರಿ ಅಕ್ಕೋರ. ನಿಮ್ಮ ಮಾತು ಆಕಿಗೆ ತಿಳಿಯಂಗಿಲ್ಲ" ಅಂದಳು. ಒಳಗೆ ಕೂರಿಸಿ, ನೀರಿಗೆ ಏನನ್ನುತ್ತೀರಿ, ರೊಟ್ಟಿಗೆ ಏನನ್ನುತ್ತೀರಿ ಎಂದು ಒಂದೊಂದೇ ಕೇಳಿದೆ. ಪಾಣಿ, ಬಾಟಿ, ಯಾಡಿ. ಯಾಡಿ ಎಂದರೆ ಅವ್ವ. ಅದೇ ಕೊನೆಯ ಪುಟದಲ್ಲಿ, ನನ್ನ "ಮಂದ"ದ ಕೆಳಗೇ ಬರೆದುಕೊಂಡೆ. ಮರುದಿನ ತರಗತಿಯಲ್ಲಿ "ಯಾಡಿ" ಅಂದಾಗ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನ್ನ ಉಚ್ಚಾರಣೆ ಅಷ್ಟು ಕೆಟ್ಟದಾಗಿತ್ತೋ ಏನೋ!

ದೀಪಾವಳಿಯಾದ ಮೇಲೆ ಆ ಮನೆಯವರು ಗೋವಾಕ್ಕೆ ಗುಳೆ ಹೊರಟರು. ಈ ಸಲ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟುಹೋದರು. ಎಲ್ಲರೂ ಹಾಗೆ ಮಾಡಲಿಲ್ಲ. ಅದೇ ತರಗತಿಯ ನಾಲ್ವರು ಮಕ್ಕಳು ಮತ್ತೆ ಬರಲೇ ಇಲ್ಲ.

ಇಂಥ ಮಕ್ಕಳಿಗೆ ಕಾನೂನಿನ ಬಲವಿಲ್ಲವೆಂದಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸೌಲಭ್ಯ ಕೊಡಬೇಕೆಂಬ 350-ಎ ವಿಧಿ 1956ರಲ್ಲೇ ಸಂವಿಧಾನಕ್ಕೆ ಸೇರಿದೆ. ಸ್ವಂತ ಲಿಪಿಯಿಲ್ಲದ ಲಂಬಾಣಿಗೆ ನಮ್ಮ ಕಡೆ ಅದು ಕಾಗದದಲ್ಲೇ ಉಳಿಯಿತು. ಅಮೆರಿಕದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳು ಯಾವ ವಿಶೇಷ ನೆರವೂ ಇಲ್ಲದೆ ಕುಳಿತಿದ್ದರು. ಎಲ್ಲರಿಗೂ ಅದೇ ಪುಸ್ತಕ, ಅದೇ ಶಿಕ್ಷಕರನ್ನು ಕೊಟ್ಟರೆ ಅದು ಸಮಾನತೆಯಾಗದು ಎಂದು 1974ರಲ್ಲಿ ನ್ಯಾಯಾಲಯ ಹೇಳಿತು. ಅದನ್ನು ಓದಿದಾಗ ನನಗೆ ನನ್ನ ಹಾಜರಿ ಪುಸ್ತಕವೇ ಕಣ್ಣ ಮುಂದೆ ಬಂತು.

ನಮ್ಮಲ್ಲೂ ಕೆಲವು ಬದಲಾವಣೆಗಳಾದವು. 2001ರಲ್ಲಿ ಶಾಲಾಭಿವೃದ್ಧಿ ಸಮಿತಿಗಳು ಬಂದು ತಂದೆತಾಯಂದಿರಿಗೆ ಶಾಲೆಯೊಳಗೆ ಕುರ್ಚಿ ಸಿಕ್ಕಿತು. ಎಷ್ಟೋ ಕಡೆ ಕುರ್ಚಿಯಲ್ಲಿ ತಂದೆ, ಸಹಿಯ ಪುಸ್ತಕದಲ್ಲಿ ಮಾತ್ರ ತಾಯಿ! 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಮಗು ತನ್ನ ವೇಗದಲ್ಲಿ ಏಣಿ ಹತ್ತಿದಂತೆ ಕಾರ್ಡುಗಳನ್ನು ಹಿಡಿದು ಕಲಿಯುವುದರಿಂದ ತಾಂಡಾದ ಮಕ್ಕಳಿಗೆ, ಗಂಗಾವತಿ ಕಡೆಯ ಕ್ಯಾಂಪುಗಳ ತೆಲುಗು ಮನೆಮಾತಿನ ಮಕ್ಕಳಿಗೆ ಉಸಿರಾಡಲು ಸಮಯ ಸಿಕ್ಕಿತು.

ಅಷ್ಟರಲ್ಲಿ ಇಂಗ್ಲಿಷ್ ಬಂತು. 2007-08ರಿಂದ ಒಂದನೆಯ ತರಗತಿಯಿಂದಲೇ ಅದೊಂದು ವಿಷಯ. 2019-20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು. ಮಾಧ್ಯಮ ಯಾವುದಿರಬೇಕೆಂದು 1994ರ ಸರಕಾರಿ ಆದೇಶದಿಂದ 2014ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಇಪ್ಪತ್ತು ವರ್ಷ ವ್ಯಾಜ್ಯ ನಡೆಯಿತು. ಕೊನೆಗೆ, ತಾಯ್ನುಡಿಯ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ, ಆಯ್ಕೆ ಮಗುವಿನ ಪರವಾಗಿ ಪೋಷಕರದು ಎಂದಾಯಿತು. ಆಯ್ಕೆ ಮಾಡಿದ ಮೇಲೆ ಮನೆಯಲ್ಲಿ ಆ ತಾಯಿ ಏನು ಮಾಡಬೇಕೆಂಬುದನ್ನು ಯಾರೂ ವಾದಿಸಿದಂತೆ ಕಾಣೆ. ನಮ್ಮ ಪಾಡನ್ನಂತೂ ಕೇಳಬೇಡಿ. ಬಿ.ಎ.ಗೆ ಇಂಗ್ಲಿಷ್ ಓದಿ ಪಾಸಾಗಿದ್ದೆ, ಬಾಯಿಬಿಟ್ಟು ಆಡಿದ್ದಿಲ್ಲ. ಕೆಲವೇ ದಿನಗಳ ತರಬೇತಿ ಮುಗಿಸಿ ಬಂದು, ರಾತ್ರಿ ಒಲೆಯ ಮುಂದೆ ನಾಳೆಯ ಪದ್ಯವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ.

2019ರ ಜೂನಿನಲ್ಲಿ, ಅಷ್ಟರಲ್ಲಿ ನನಗೆ ಬೇರೆ ಊರಿನ ಶಾಲೆಗೆ ವರ್ಗವಾಗಿತ್ತು, ಒಬ್ಬ ತಾಯಿ ಮಗನನ್ನು ಇಂಗ್ಲಿಷ್ ವಿಭಾಗಕ್ಕೆ ಸೇರಿಸಲು ಬಂದಳು. ಸೀರೆ ಉಟ್ಟಿದ್ದರಿಂದ ಗುರುತು ಹತ್ತಲಿಲ್ಲ. "ನಾನ್ರಿ ಅಕ್ಕೋರ, ಹರಳು ಆಡಾಕಿ" ಅಂದಳು. ಏಳನೆಯ ತರಗತಿವರೆಗೆ ಓದಿ, ಮದುವೆಯಾಗಿ ಈ ಊರಿಗೆ ಬಂದಿದ್ದಳು. ಹೆಸರು ಬರೆಸಿಯಾದರೂ ಹೋಗಲಿಲ್ಲ. "ಮನ್ಯಾಗ ನಾ ಇವನಿಗೆ ಏನ್ ಹೇಳಿಕೊಡ್ಲಿರಿ? ನನಗ ಇಂಗ್ಲಿಷ್ ಬರಂಗಿಲ್ಲ."

"ದಿನಾ ಸಂಜಿಗೆ ಇವತ್ತೇನ್ ಕಲಿತಿ ಅಂತ ನಿಮ್ಮ ಮಾತಿನ್ಯಾಗ ಕೇಳವ್ವ. ಅವ ಹೇಳಿದ್ದನ್ನ ಪೂರಾ ಕೇಳು" ಅಂದೆ.

"ಅಷ್ಟ ಸಾಕೇನ್ರಿ?"

ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ. ಶನಿವಾರ ಬೆಳಗಿನ ಸಾಲಿ ಬಿಟ್ಟ ಮೇಲೆ ಬಾ ಎಂದೆ. ಬಂದಳು. ಮಗನ ಪಕ್ಕದಲ್ಲಿ ಕುಳಿತು ಪುಸ್ತಕದ ಚಿತ್ರ ತೋರಿಸಿದಳು. ಅವನು ವಾಟರ್ ಅಂದ, ಅವಳು ಪಾಣಿ ಅಂದಳು, ನಾನು ನೀರು ಅಂದೆ. ಮೂರನ್ನೂ ಹಲಗೆಯ ಮೇಲೆ ಬರೆದೆವು. ಮರುವಾರ ಅವಳ ಜೊತೆ ಇನ್ನಿಬ್ಬರು ತಾಯಂದಿರು ಬಂದರು, ಒಬ್ಬಾಕೆಯದು ತೆಲುಗು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆ ಮುಚ್ಚುವವರೆಗೆ ನಮ್ಮ ಹಲಗೆಯ ಮೇಲೆ ಒಂದೊಂದು ಚಿತ್ರಕ್ಕೂ ನಾಲ್ಕು ಮಾತುಗಳಿರುತ್ತಿದ್ದವು.