ಡಯಾಲಿಸಿಸ್ ರೋಗಿಗಳಲ್ಲಿ ಖಿನ್ನತೆ: ಅಳತೆ ಮತ್ತು ಆರೈಕೆ

ಡಯಾಲಿಸಿಸ್ ರೋಗಿಗಳ ಖಿನ್ನತೆಯನ್ನು ಕುರಿತ ಅಧ್ಯಯನಗಳಲ್ಲಿ ಒಂದು ಅಂತರ ಎದ್ದು ಕಾಣುತ್ತದೆ. ಪಾಮರ್ ಮತ್ತು ಸಂಗಡಿಗರು 2013ರಲ್ಲಿ ‘ಕಿಡ್ನಿ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಪ್ರಶ್ನಾವಳಿಯಿಂದ ಅಳೆದಾಗ ಶೇ. 39.3ರಷ್ಟಿರುವ ಖಿನ್ನತೆ, ವೈದ್ಯಕೀಯ ಸಂದರ್ಶನದಿಂದ ಅಳೆದಾಗ ಶೇ. 22.8ಕ್ಕೆ ಇಳಿಯುತ್ತದೆ.

ಕಾರಣ ಊಹಿಸುವುದು ಕಷ್ಟವಲ್ಲ. ಪ್ರಶ್ನಾವಳಿಗಳು ನಿದ್ದೆ, ಹಸಿವು, ಸುಸ್ತುಗಳ ಬಗ್ಗೆ ಕೇಳುತ್ತವೆ. ಮೂತ್ರಪಿಂಡ ಸೋತವರಿಗೆ ರಕ್ತಹೀನತೆಯಿಂದ ಸುಸ್ತು, ತುರಿಕೆಯಿಂದ ನಿದ್ದೆಗೇಡು, ರಕ್ತದಲ್ಲಿ ಉಳಿದ ಕಲ್ಮಶದಿಂದ ಬಾಯಿರುಚಿ ಇಲ್ಲದಿರುವುದು ಹೇಗೂ ಇರುತ್ತದೆ. ಹೀಗಾಗಿ ಖಿನ್ನತೆ ಇಲ್ಲದವರೂ ಲೆಕ್ಕಕ್ಕೆ ಸೇರಿಬಿಡಬಹುದು. ಆದರೆ ಇದಕ್ಕಿಂತ ಅಪಾಯಕಾರಿಯಾದದ್ದು ಇದರ ತದ್ವಿರುದ್ಧ ತಪ್ಪು ಎಂದು ನನ್ನ ಅಭಿಪ್ರಾಯ: ‘ಕಿಡ್ನಿ ಕಾಯಿಲೆ ಅಂದಮೇಲೆ ಇದೆಲ್ಲ ಇದ್ದದ್ದೇ’ ಎಂದು ನಿಜವಾದ ಖಿನ್ನತೆಯನ್ನೂ ಬದಿಗೆ ಸರಿಸುವುದು. ಖಿನ್ನರಾದ ರೋಗಿಗಳಲ್ಲಿ ಆಸ್ಪತ್ರೆ ಸೇರುವಿಕೆ, ಸಾವು ಎರಡೂ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಹಾಗಾದರೆ ಏನನ್ನು ಕೇಳಬೇಕು? ಅದಕ್ಕೆ ರೋಗಿಯ ದಿನಚರಿಯನ್ನು ನೋಡಬೇಕು. ಡಯಾಲಿಸಿಸ್‌ನ ಸಾಮಾನ್ಯ ಕ್ರಮ ವಾರಕ್ಕೆ 3 ಬಾರಿ, ತಲಾ 4 ಗಂಟೆ. ನಮ್ಮಲ್ಲಿ ಖರ್ಚು, ದೂರಗಳಿಂದಾಗಿ ಅನೇಕರದು 2 ಬಾರಿಗೇ ನಿಲ್ಲುತ್ತದೆ. ಆಗ ನಡುವಿನ ದಿನಗಳು ಹೆಚ್ಚಿ ಕುಡಿಯುವ ನೀರಿನ ಮಿತಿ ಇನ್ನಷ್ಟು ಬಿಗಿಯಾಗುತ್ತದೆ. ಬಾಯಾರಿದಾಗ ಒಂದು ಗುಟುಕು ಬಾಯಲ್ಲಿಟ್ಟು ಉಗುಳುವವರಿದ್ದಾರೆ. ಡಯಾಲಿಸಿಸ್‌ಗೆ ಮುನ್ನ ತೂಕ ನೋಡಲು ತಕ್ಕಡಿ ಹತ್ತಿದೊಡನೆ ‘ನೀರು ಜಾಸ್ತಿ ಕುಡಿದಿರಾ?’ ಎಂಬ ಪ್ರಶ್ನೆ ಬರುತ್ತದೆ. ರೋಗಿ ತಲೆ ತಗ್ಗಿಸುತ್ತಾರೆ. ಕಾಯಿಲೆಯವರನ್ನು ನೋಡಲು ಬರುವವರು ತರುವ ಎಳನೀರು, ಬಾಳೆಹಣ್ಣು ಪೊಟ್ಯಾಸಿಯಂ ಕಾರಣಕ್ಕೆ ಇವರಿಗೆ ವರ್ಜ್ಯ. ಡಯಾಲಿಸಿಸ್‌ಗೆ ಜೊತೆಯಾಗಿ ಬಂದ ಮನೆಯವರ ಕೂಲಿಯೂ ಆ ದಿನ ಹೋಗುತ್ತದೆ. ಇವುಗಳಿಂದ ಹುಟ್ಟುವ ‘ಮನೆಯವರಿಗೆ ಹೊರೆಯಾದೆ’ ಎಂಬ ಭಾವ, ತನ್ನ ಬಗ್ಗೆ ತನಗೇ ಬರುವ ತಾತ್ಸಾರ, ಯಾವುದರಲ್ಲೂ ಆಸಕ್ತಿ ಉಳಿಯದಿರುವುದು — ಕೇಳಬೇಕಾದದ್ದು ಇವುಗಳನ್ನು. ಇವನ್ನು ರಕ್ತಹೀನತೆಯಾಗಲಿ ತುರಿಕೆಯಾಗಲಿ ವಿವರಿಸಲಾರವು.

ಚಿಕಿತ್ಸೆಯ ವಿಷಯದಲ್ಲಿ, 2019ರಲ್ಲಿ ವರದಿಯಾದ ಅಮೆರಿಕದ ‘ಅಸೆಂಡ್’ ಪ್ರಯೋಗ ಗಮನಾರ್ಹ. 120 ರೋಗಿಗಳಲ್ಲಿ ಕೆಲವರಿಗೆ ಡಯಾಲಿಸಿಸ್ ನಡೆಯುತ್ತಿರುವಾಗಲೇ ಆಪ್ತಸಮಾಲೋಚನೆ, ಉಳಿದವರಿಗೆ ಸರ್ಟ್ರಲೀನ್ ಮಾತ್ರೆ ಕೊಡಲಾಯಿತು. 12 ವಾರಗಳ ನಂತರ ಮಾತ್ರೆಯ ಗುಂಪು ತುಸು ಮುಂದಿತ್ತು; ಅಡ್ಡಪರಿಣಾಮಗಳೂ ಅದರಲ್ಲೇ ಹೆಚ್ಚು. ಹೋಲಿಕೆಗೆ ಹುಸಿಮಾತ್ರೆಯ ಗುಂಪು ಇರಲಿಲ್ಲವಾದ್ದರಿಂದ ಈ ಫಲಿತಾಂಶವನ್ನು ಎಚ್ಚರದಿಂದ ಓದಬೇಕು.

ಮಂಚದ ಪಕ್ಕದಲ್ಲೇ ನಡೆಯುವ ಸಮಾಲೋಚನೆ ಓಡಾಟವನ್ನು ಉಳಿಸುತ್ತದೆ, ನಿಜ. ಆದರೆ ಮಂಚಕ್ಕೆ ಮಂಚ ತಾಗಿರುವ ನಮ್ಮ ತಾಲ್ಲೂಕು ಆಸ್ಪತ್ರೆಯ ಕೋಣೆಯಲ್ಲಿ, ಮಗನೋ ಹೆಂಡತಿಯೋ ಪಕ್ಕದಲ್ಲಿರುವಾಗ, ಹೊರೆಯಾದೆನೆಂಬ ಮಾತನ್ನು ಯಾರು ಆಡಿಯಾರು? ಮೊದಲ ವಿಚಾರಣೆಯಾದರೂ ರೋಗಿಯೊಬ್ಬರೇ ಇರುವಾಗ, ಸೂಜಿ ಚುಚ್ಚುವ ಮೊದಲು, ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯಬೇಕು.